ಮತ್ತೆ ಬಂದ ಹರ್ನಿಯಾಗೆ ಒಳಗಿನಿಂದ ಆಪರೇಷನ್

ಹೊಟ್ಟೆಯ ಗೋಡೆಯ ಸ್ನಾಯುವಿನಲ್ಲಿ ತೂತು ಬಿದ್ದು, ಒಳಗಿನ ಕರುಳೋ ಕೊಬ್ಬೋ ಅಲ್ಲಿಂದ ಉಬ್ಬಿ ಬರುವುದೇ ಹರ್ನಿಯಾ. ಒಮ್ಮೆ ಆಪರೇಷನ್ ಆದಮೇಲೆ ಮುಗೀತು ಅಂದುಕೊಳ್ಳುತ್ತೇವೆ. ಹೆಚ್ಚಿನವರಿಗೆ ಅಲ್ಲಿಗೇ ಮುಗಿಯುತ್ತದೆ. ನನಗೆ ಮುಗಿಯಲಿಲ್ಲ. 2012ರಲ್ಲಿ ಬಲಗಡೆ ತೊಡೆಸಂದಿನಲ್ಲಿ ಕೊಯ್ದು, ನೆಟ್, ಅಂದರೆ ಪ್ಲಾಸ್ಟಿಕ್ ಬಲೆಯ ತುಂಡು, ಇಟ್ಟು ಹೊಲಿದಿದ್ದರು. ಹತ್ತು ವರ್ಷ ದಾಟಿದ ಮೇಲೆ ಅದೇ ಹೊಲಿಗೆಯ ಒಳತುದಿಯಲ್ಲಿ ಮತ್ತೆ ಗಂಟು ಕಾಣಿಸಿತು. ಈ ಸಲ ಆಗಿದ್ದು ಹೊಟ್ಟೆಗೆ ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪ್ರೋಸ್ಕೋಪಿ ಆಪರೇಷನ್. ಗಂಡಸರು ಈ ಕಾಯಿಲೆಯ ಬಗ್ಗೆ ಬಾಯಿ ಬಿಡುವುದಿಲ್ಲ. ಜಾಗ ಅಂಥದ್ದು. ಆದರೆ ಹೆಚ್ಚು ಕಮ್ಮಿ ನಾಲ್ವರು ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬರುವಂಥದ್ದು ಇದು. ಮುಚ್ಚಿಡೋದಕ್ಕೆ ಏನಿದೆ? ಅದಕ್ಕೇ ಆದದ್ದನ್ನೆಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ನನ್ನದು ಹಾಸನದಲ್ಲಿ ಬೀಜ, ಗೊಬ್ಬರದ ಅಂಗಡಿ. ಮೇ ತಿಂಗಳು ಬಂತೆಂದರೆ ಆಲೂಗಡ್ಡೆ ಬಿತ್ತನೆಯ ಗಡಿಬಿಡಿ. ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ಲಾರಿಗಟ್ಟಲೆ ಎಪಿಎಂಸಿಗೆ ಬರುತ್ತದೆ. ಅದರ ಹಿಂದೆಯೇ ರೈತರು ಗೊಬ್ಬರಕ್ಕೆ ಬರುತ್ತಾರೆ. ಯೂರಿಯಾ ಚೀಲ ಈಗ 45 ಕೆ.ಜಿ., ಡಿಎಪಿ 50 ಕೆ.ಜಿ. ಹಮಾಲರು ಇದ್ದರೂ ಗಿರಾಕಿ ಗಾಡಿ ತಂದು ನಿಲ್ಲಿಸಿದಾಗ ಒಂದು ಕೈ ಹಾಕದೆ ಇರೋಕಾಗಲ್ಲ. ಅಂಥದೇ ಒಂದು ಬಿತ್ತನೆ ಕಾಲದಲ್ಲಿ, ಸ್ನಾನ ಮಾಡುವಾಗ, ಹಳೇ ಗಾಯದ ಹತ್ತಿರ ನಿಂಬೆಹಣ್ಣಿನ ಗಾತ್ರದ ಉಬ್ಬು ಕೈಗೆ ಸಿಕ್ಕಿತು. ಮಲಗಿದರೆ ಒಳಗೆ ಹೋಗುತ್ತಿತ್ತು. ಎದ್ದು ನಿಂತು ಕೆಮ್ಮಿದರೆ ಹೊರಗೆ ಬರುತ್ತಿತ್ತು. ನೋವು ಅಂತ ಹೇಳುವ ಹಾಗಿರಲಿಲ್ಲ. ಸಂಜೆಯಾಗುತ್ತಾ ಆ ಕಡೆ ಒಂಥರಾ ಎಳೆತ.

ಎಳೆತ ಜಾಸ್ತಿಯಾಗಿದ್ದು ಅದೇ ವರ್ಷ ಹಾಸನಾಂಬೆಯ ಬಾಗಿಲು ತೆಗೆದಾಗ. ಧರ್ಮದರ್ಶನದ ಸಾಲು ಅಂದರೆ ಗೊತ್ತಲ್ಲ, ಗಂಟೆಗಟ್ಟಲೆ ನಿಲ್ಲಬೇಕು. ಹರ್ನಿಯಾ ಇದ್ದವರಿಗೆ ಭಾರ ಎತ್ತುವಷ್ಟೇ ಕಷ್ಟ ಸುಮ್ನೆ ನಿಂತಿರುವುದು. "ಏನ್ರೀ, ಒಂದೇ ಸಮ ಕಾಲು ಬದಲಾಯಿಸ್ತಾ ಇದ್ದೀರಲ್ಲ" ಅಂದಳು ನನ್ನ ಹೆಂಡತಿ. ಹೇಳಿದೆ. ದೇವಸ್ಥಾನದಿಂದ ಮನೆಗೆ ಬಂದ ಕೂಡಲೇ ಬೀರುವಿನಿಂದ 2012ರ ಫೈಲು ತೆಗೆದು ಟೇಬಲ್ ಮೇಲಿಟ್ಟಳು. ಆ ಫೈಲು ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಸರ್ಜನ್ ಹತ್ತಿರ ಹೋಗುವ ಮೊದಲು ಸಲಹೆಗಳು ಧಾರಾಳವಾಗಿ ಬಂದವು. ನಮ್ಮ ದೊಡ್ಡಪ್ಪನ ಮಗ ಬೆಲ್ಟ್ ಹಾಕ್ಕೋ ಅಂದರು. ಬೆಲ್ಟ್ ಉಬ್ಬನ್ನು ಅದುಮಿ ಹಿಡಿಯುತ್ತದೆ ಅಷ್ಟೇ, ತೂತು ಮುಚ್ಚುವುದಿಲ್ಲ. ಇನ್ನೊಬ್ಬರು ಫೋನಿನಲ್ಲಿ ಬಂದ ಜಾಹೀರಾತು ತೋರಿಸಿ, ಲೇಸರ್‌ನಲ್ಲಿ ಮಾಡ್ತಾರಂತೆ, ಗಾಯವೇ ಇಲ್ಲವಂತೆ ಅಂದರು. ಇದನ್ನು ಆಮೇಲೆ ಸರ್ಜನ್ ಹತ್ತಿರವೇ ಕೇಳಿದೆ. ತೊಡೆಸಂದಿನ ಹರ್ನಿಯಾಗೆ ಲೇಸರ್ ಚಿಕಿತ್ಸೆ ಅಂತ ಇಲ್ಲ, ಜನ ಲ್ಯಾಪ್ರೋಸ್ಕೋಪಿಯನ್ನೇ ಲೇಸರ್ ಅಂತ ಕರೀತಾರೆ ಅಂದರು. ಲೇಸರ್ ಅನ್ನುವ ಹೆಸರಿಗೇ ದುಡ್ಡು ಕಟ್ಟಬೇಡಿ.

ಸರ್ಜನ್ ನನಗಿಂತ ಚಿಕ್ಕವರು. "ನಿಂತ್ಕೊಳ್ಳಿ ಯಜಮಾನ್ರೇ, ಮುಖ ಆ ಕಡೆ ತಿರುಗಿಸಿ ಕೆಮ್ಮಿ" ಅಂದರು. ಒಂದು ಸಲ ಬಲಗಡೆ, ಒಂದು ಸಲ ಎಡಗಡೆ ಕೈಯಿಟ್ಟು ನೋಡಿದರು. ಆಮೇಲೆ ಮಲಗಿಸಿ ನೋಡಿದರು. ನಂತರ ಕೂರಿಸಿಕೊಂಡು ಕೇಳಿದ ಪ್ರಶ್ನೆಗಳು ನನಗೆ ಹಿಡಿಸಿದವು. ಬೀಡಿ, ಸಿಗರೇಟು ಉಂಟಾ? ಚಳಿಗಾಲದಲ್ಲಿ ಕೆಮ್ಮು ಹಿಡಿಯುತ್ತಾ? ಬೆಳಿಗ್ಗೆ ಕಕ್ಕಸಿಗೆ ತಿಣುಕಬೇಕಾ? ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳ್ತೀರಿ, ಧಾರೆ ಸರಿಯಾಗಿ ಬರುತ್ತಾ? ಬರೀ ಚೀಲ ಎತ್ತಿದ್ದಕ್ಕೇ ಹರ್ನಿಯಾ ಮತ್ತೆ ಬಂತು ಅನ್ನೋಕಾಗಲ್ಲ. ಕೆಮ್ಮು, ಮಲಬದ್ಧತೆ, ಐವತ್ತು ದಾಟಿದವರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರಕ್ಕೆ ತಿಣುಕುವುದು, ಇವೆಲ್ಲ ದಿನಾ ಒಳಗಿನಿಂದ ಒತ್ತುತ್ತಿರುತ್ತವೆ. ಹೊಗೆಸೊಪ್ಪು ಗಾಯ ಕೂಡಿಕೊಳ್ಳಲು ಬಿಡುವುದಿಲ್ಲ. ನನಗೆ ಸಿಗರೇಟು ಇಲ್ಲ. ಮೂತ್ರದ ತೊಂದರೆ ಸ್ವಲ್ಪ ಇತ್ತು. ಅದಕ್ಕೆ ಮೊದಲು ಮಾತ್ರೆ ಶುರು ಮಾಡಿದರು. ಅದು ಹತೋಟಿಗೆ ಬಂದ ಮೇಲೆಯೇ ಆಪರೇಷನ್ ದಿನ ಗೊತ್ತು ಮಾಡೋಣ ಅಂದರು.

ಆಮೇಲೆ ಬಂತು ಮುಖ್ಯ ಪ್ರಶ್ನೆ. "ಮೊದಲನೇ ಸಲ ಏನು ಮಾಡಿದ್ದಾರೆ ಅಂತ ಕಾಗದ ಇದೆಯಾ?"

ಹೆಂಡತಿ ಫೈಲು ಮುಂದಿಟ್ಟಳು. ಡಿಸ್ಚಾರ್ಜ್ ಸಮ್ಮರಿಯ ಕೆಳಗಡೆ ಸಣ್ಣ ಅಕ್ಷರದಲ್ಲಿ ಲಿಕ್ಟನ್‌ಸ್ಟೈನ್ ಅಂತ ಇತ್ತು. ಡಾಕ್ಟರ ಮುಖ ಅರಳಿತು. ಇರ್ವಿಂಗ್ ಲಿಕ್ಟನ್‌ಸ್ಟೈನ್ ಅಮೆರಿಕದ ಸರ್ಜನ್. ಅದಕ್ಕೂ ಮುಂಚೆ, 1880ರ ದಶಕದಿಂದ, ಇಟಲಿಯ ಬಸ್ಸೀನಿ ತೋರಿಸಿಕೊಟ್ಟ ರೀತಿಯಲ್ಲಿ ಸ್ನಾಯುವನ್ನೇ ಎಳೆದು ಹೊಲಿಯುತ್ತಿದ್ದರು. ಲಿಕ್ಟನ್‌ಸ್ಟೈನ್ ತಂಡ ಎಳೆಯುವುದನ್ನು ಬಿಟ್ಟು, ತೂತಿನ ಮೇಲೆ ಪ್ಲಾಸ್ಟಿಕ್ ನೆಟ್ ಹಾಸುವ ಕ್ರಮವನ್ನು 1989ರಲ್ಲಿ ಪ್ರಕಟಿಸಿತು. ಈಗಲೂ ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ಹರ್ನಿಯಾ ಆಪರೇಷನ್‌ಗಳಲ್ಲಿ ಅದೂ ಒಂದು. ಒಳ್ಳೆಯ ಆಪರೇಷನ್ನೇ. ಆದರೂ ಕೆಲವರಿಗೆ ನೆಟ್ಟಿನ ಅಂಚು ಮುಗಿಯುವ ಕಡೆ, ಅದರಲ್ಲೂ ಒಳಗಡೆ ಗುಪ್ತಾಂಗದ ಮೇಲಿನ ಮೂಳೆಯ ಹತ್ತಿರ, ಮತ್ತೆ ಸಂದಿ ಬಿಡುತ್ತದೆ. ನನ್ನ ಗಂಟು ಇದ್ದದ್ದೂ ಸರಿಯಾಗಿ ಅಲ್ಲಿಯೇ.

ಡಾಕ್ಟರು ಒಂದು ಬಿಳಿ ಹಾಳೆ ತೆಗೆದುಕೊಂಡು ಹೊಟ್ಟೆಯ ಗೋಡೆ ಬರೆದರು. "ಮೊದಲು ಮುಂದಿನಿಂದ ಹೋಗಿದ್ದಾರೆ. ಆ ಜಾಗ ಈಗ ಗಾಯ ಮಾಗಿ ಗಟ್ಟಿಯಾಗಿ ಅಂಟಿಕೊಂಡಿದೆ. ನರಗಳು, ವೃಷಣಕ್ಕೆ ರಕ್ತ ಒಯ್ಯೋ ನಾಳ ಎಲ್ಲಾ ಅದರೊಳಗೇ ಸಿಕ್ಕಿಕೊಂಡಿರ್ತವೆ. ಮತ್ತೆ ಅಲ್ಲೇ ಕೊಯ್ದರೆ ಬಿಡಿಸುವಾಗ ಅವಕ್ಕೆ ಪೆಟ್ಟಾಗೋ ಸಂಭವ ಜಾಸ್ತಿ. ವೃಷಣಕ್ಕೆ ರಕ್ತ ಕಮ್ಮಿಯಾಗಿ ಅದು ಸಣ್ಣಗಾಗಬಹುದು, ನೋವು ವರ್ಷಗಟ್ಟಲೆ ಉಳೀಬಹುದು. ಅದಕ್ಕೇ ಈ ಸಲ ಹೊಟ್ಟೆ ಒಳಗಿನಿಂದ ಹೋಗೋಣ. ಒಳಗಡೆ ಯಾರೂ ಕೈ ಹಾಕಿಲ್ಲ" ಅಂದರು.

ಇದು ಅವರೊಬ್ಬರ ಮಾತಲ್ಲ. 2018ರಲ್ಲಿ ಬೇರೆ ಬೇರೆ ದೇಶದ ಹರ್ನಿಯಾ ಸರ್ಜನ್‌ಗಳು ಸೇರಿ ಮಾಡಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಮೊದಲು ಮುಂದಿನಿಂದ ಆಗಿದ್ದರೆ ಎರಡನೆಯದು ಒಳಗಿನಿಂದ, ಮೊದಲು ಒಳಗಿನಿಂದ ಆಗಿದ್ದರೆ ಎರಡನೆಯದು ಮುಂದಿನಿಂದ. ಎರಡೂ ದಾರಿ ಮುಗಿದಿದ್ದರೆ ಹರ್ನಿಯಾದಲ್ಲೇ ಪಳಗಿದವರ ಹತ್ತಿರ ಹೋಗಬೇಕು. ಅಂದಮೇಲೆ ಮೊದಲ ಸಲದ ಕಾಗದ ಎಷ್ಟು ಮುಖ್ಯ ನೋಡಿ. ನಮ್ಮ ದೇಶದ ನಿಯಮದ ಪ್ರಕಾರ ಡಾಕ್ಟರುಗಳು ಒಳರೋಗಿಯ ದಾಖಲೆ ಇಟ್ಟುಕೊಳ್ಳಬೇಕಾದ್ದು 3 ವರ್ಷ ಮಾತ್ರ. ಅಷ್ಟರೊಳಗೆ ಕೇಳಿದರೆ 72 ಗಂಟೆಯಲ್ಲಿ ಕೊಡಬೇಕು. ಹತ್ತು ವರ್ಷ ಬಿಟ್ಟು ಹೋಗಿ ಕೇಳಿದರೆ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಆಪರೇಷನ್ ಆದ ಯಾರೇ ಆಗಲಿ, ಡಿಸ್ಚಾರ್ಜ್ ಸಮ್ಮರಿ ಜೊತೆ ಆಪರೇಷನ್ ನೋಟ್ಸ್‌ನ ಜೆರಾಕ್ಸ್ ಕೂಡ ಕೇಳಿ ತಗೊಳ್ಳಿ.

ಒಳಗಿನಿಂದ ನೆಟ್ ಇಟ್ಟರೆ ಏನು ಲಾಭ ಅನ್ನುವುದು ನನಗೆ ಅಂಗಡಿ ಕೆಲಸದಿಂದಲೇ ಹೊಳೆಯಿತು. ಹರಿದ ಗೊಬ್ಬರದ ಚೀಲಕ್ಕೆ ಹೊರಗಿನಿಂದ ತೇಪೆ ಹಚ್ಚಿದರೆ ಒಳಗಿನ ಭಾರ ತೇಪೆಯನ್ನು ತಳ್ಳುತ್ತದೆ. ಒಳಗಿನಿಂದ ಹಾಕಿದರೆ ಅದೇ ಭಾರ ತೇಪೆಯನ್ನು ಚೀಲಕ್ಕೆ ಒತ್ತಿ ಹಿಡಿಯುತ್ತದೆ. ಡಾಕ್ಟರಿಗೆ ಹೇಳಿದೆ. ಸರಿಯಾಗಿ ಹೇಳಿದಿರಿ ಅಂದರು.

ಇನ್ನೊಂದು ಪ್ರಶ್ನೆಯನ್ನು ಧೈರ್ಯ ಮಾಡಿ ಕೇಳಿದೆ. "ನೀವು ಇಂಥವು ಎಷ್ಟು ಮಾಡಿದ್ದೀರಿ ಸರ್? ಮತ್ತೆ ಬಂದವನ್ನು?" ಅವರಿಗೆ ಬೇಜಾರಾಗಲಿಲ್ಲ. ಈ ಆಪರೇಷನ್ ಕೈಗೆ ಹತ್ತಲು ಹತ್ತಾರು ಕೇಸು ಮಾಡಿರಬೇಕು, ಮತ್ತೆ ಬಂದದ್ದಕ್ಕೆ ಇನ್ನೂ ಜಾಸ್ತಿ ಅನುಭವ ಬೇಕು ಅಂತ ಅವರೇ ಹೇಳಿ, ತಮ್ಮ ಲೆಕ್ಕ ಹೇಳಿದರು. ನನಗೆ ಸಮಾಧಾನವಾಯಿತು. ಬೆಂಗಳೂರಿಗೋ ಮೈಸೂರಿಗೋ ಹೋಗು ಅಂತಿದ್ದವರ ಮಾತು ಅಲ್ಲಿಗೆ ಬಿಟ್ಟೆ. ಊರು ದೊಡ್ಡದೋ ಚಿಕ್ಕದೋ ಅನ್ನುವುದಕ್ಕಿಂತ ಮಾಡುವವರ ಕೈ ಪಳಗಿದೆಯೋ ಇಲ್ಲವೋ ನೋಡಬೇಕು ಅಂತ ನನ್ನ ಅಭಿಪ್ರಾಯ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹೆಚ್ಚಿನ ಮೆಡಿಕ್ಲೇಮ್ ಪಾಲಿಸಿಗಳಲ್ಲಿ ಹರ್ನಿಯಾಗೆ 2 ವರ್ಷದ ಕಾಯುವ ಅವಧಿ ಇರುತ್ತದೆ. ನನ್ನ ಪಾಲಿಸಿ ಹಳೆಯದು, ತೊಂದರೆಯಾಗಲಿಲ್ಲ. ಸಹಕಾರ ಸಂಘದ ಸದಸ್ಯರಾದ ರೈತರು ಯಶಸ್ವಿನಿ ಕಾರ್ಡು, ಉಳಿದವರು ಆಯುಷ್ಮಾನ್ ಕಾರ್ಡು ಹಿಡಿದು, ತಮ್ಮ ಆಪರೇಷನ್ ಅದರಲ್ಲಿ ಬರುತ್ತಾ ಅಂತ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಬೇಕು. ನೆಟ್ಟನ್ನು ಒಳಗೆ ಸಿಕ್ಕಿಸುವ ಟ್ಯಾಕರ್ ಅಂತ ಒಂದು ಬರುತ್ತದೆ. ದುಬಾರಿ. ಎಲ್ಲರಿಗೂ ಅದು ಬೇಕಿಲ್ಲ. ಹರ್ನಿಯಾದ ತೂತು ದೊಡ್ಡದಾಗಿದ್ದು ಮಧ್ಯದ ಕಡೆ ಇದ್ದರೆ ಬೇಕಾಗಬಹುದು. ಬೇಕಾದರೆ ಮಾತ್ರ ಹಾಕ್ತೀನಿ ಅಂತ ಡಾಕ್ಟರು ಮೊದಲೇ ಹೇಳಿದ್ದರು.

ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು. ಪೂರ್ತಿ ಓದಿದೆ. ಕರುಳಿಗೆ, ಮೂತ್ರಕೋಶಕ್ಕೆ, ರಕ್ತನಾಳಕ್ಕೆ ಪೆಟ್ಟಾಗಬಹುದು, ಅಪರೂಪ. ತೂತಿನಿಂದ ಆಗದಿದ್ದರೆ ಕೊಯ್ಯಬೇಕಾಗಬಹುದು. ನೆಟ್ಟಿಗೆ ಸೋಂಕಾಗಬಹುದು. ಮತ್ತೆ ಬರಬಹುದು. ಸಣ್ಣ ತೂತು ಅಂದಮಾತ್ರಕ್ಕೆ ಸಣ್ಣ ಆಪರೇಷನ್ ಅಂತಲ್ಲ. ಒಳಗೆ ನಡೆಯುವ ಕೆಲಸ ದೊಡ್ಡದೇ. ಇದಕ್ಕೆ ಪೂರ್ತಿ ಅರಿವಳಿಕೆ ಬೇಕು. ಹಾಗಾಗಿ ರಕ್ತ, ಸಕ್ಕರೆ, ಇಸಿಜಿ, ಎದೆಯ ಎಕ್ಸ್‌ರೇ, ಎಕೋ ಎಲ್ಲಾ ಮಾಡಿಸಿ ಅರಿವಳಿಕೆ ಡಾಕ್ಟರು ನೋಡಿದರು. ಎಡಗಡೆಯೂ ಸಣ್ಣದೊಂದು ಇರುವ ಹಾಗಿದೆ, ಒಳಗೆ ಹೋದಾಗ ಕಂಡರೆ ಅದನ್ನೂ ಸರಿಮಾಡಲಾ ಅಂತ ಸರ್ಜನ್ ಕೇಳಿದ್ದರು. ಅದೇ ಮೂರು ತೂತಿನಿಂದ ಎರಡೂ ಕಡೆ ಆಗುತ್ತದೆ. ಒಪ್ಪಿಗೆಯಲ್ಲಿ ಎರಡೂ ಕಡೆ ಅಂತ ಬರೆಸಿದೆವು.

ಆಪರೇಷನ್ ದಿನ ಬೆಳಿಗ್ಗೆ ಖಾಲಿ ಹೊಟ್ಟೆ. ಥಿಯೇಟರಿಗೆ ಕರೆದೊಯ್ಯುವ ಮುಂಚೆ ಸಿಸ್ಟರ್ ಬಂದು "ಅಂಕಲ್, ಒಂದ್ಸಲ ಮೂತ್ರ ಮಾಡಿ ಬನ್ನಿ, ಬರದಿದ್ರೂ ಪ್ರಯತ್ನ ಮಾಡಿ" ಅಂದರು. ಮೂತ್ರಕೋಶ ತುಂಬಿದ್ದರೆ ಕೆಲಸ ಮಾಡುವ ಜಾಗಕ್ಕೇ ಅಡ್ಡ ಬರುತ್ತದೆ. ಬಲಗಡೆ ತೊಡೆಯ ಮೇಲೆ ಪೆನ್ನಿನಲ್ಲಿ ಬಾಣದ ಗುರುತು ಹಾಕಿದರು. ಒಳಗೆ ಚಳಿ. ಮುಖಕ್ಕೆ ಮಾಸ್ಕ್ ಇಟ್ಟಿದ್ದು ನೆನಪಿದೆ. ಅಷ್ಟೇ.

ಒಳಗೆ ಏನಾಯಿತು ಅಂತ ನೋಡಿದ್ದು ಆಮೇಲೆ, ಡಾಕ್ಟರು ತೋರಿಸಿದ ವಿಡಿಯೊದಲ್ಲಿ. ಹೊಕ್ಕುಳ ಹತ್ತಿರ ಒಂದು ಸೆಂಟಿಮೀಟರಿನಷ್ಟು ತೂತು, ಅದರಲ್ಲಿ ಕ್ಯಾಮೆರಾ. ಎರಡು ಪಕ್ಕಕ್ಕೆ ಅರ್ಧ ಸೆಂಟಿಮೀಟರಿನ ಒಂದೊಂದು ತೂತು, ಅವುಗಳಲ್ಲಿ ಸಲಕರಣೆ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸಿ ಜಾಗ ಮಾಡಿಕೊಳ್ಳುತ್ತಾರೆ. ಪರದೆಯ ಮೇಲೆ ಎಲ್ಲಾ ನಸುಗೆಂಪು, ಹಳದಿ, ಹೊಳೆಯುವ ಪೊರೆ. ಬಲಗಡೆ ಮೂಲೆಯಲ್ಲಿ ಆ ಪೊರೆ ಒಂದು ಕಪ್ಪು ಕುಳಿಯೊಳಗೆ ಎಳೆದುಕೊಂಡು ಹೋಗಿತ್ತು. "ಇದೇ ನಿಮ್ಮ ಹರ್ನಿಯಾ" ಅಂದರು ಡಾಕ್ಟರು. ಹಳೇ ನೆಟ್ ಎಲ್ಲೂ ಕಾಣಲಿಲ್ಲ. ಅದು ಗೋಡೆಯ ಆಚೆ ಬದಿಗಿದೆ. ಅದನ್ನು ಮುಟ್ಟುವ ಗೋಜಿಗೇ ಅವರು ಹೋಗಿರಲಿಲ್ಲ.

ಪೊರೆಯನ್ನು ಕತ್ತರಿಸಿ ಕೆಳಗೆ ಬಿಡಿಸಿದರು. ಕುಳಿಯೊಳಗೆ ಹೋಗಿದ್ದ ಪೊರೆಯ ಚೀಲವನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆದರು. ನೋಡಲು ಬಹಳ ನಿಧಾನ. ಒಂದು ಕಡೆ ಸಲಕರಣೆ ನಿಲ್ಲಿಸಿ "ಈ ಕೆಳಗೆ ದೊಡ್ಡ ರಕ್ತನಾಳ, ಈ ಪಕ್ಕ ತೊಡೆಗೆ ಹೋಗೋ ನರಗಳು. ಇಲ್ಲಿ ಟ್ಯಾಕರ್ ಹೊಡೆಯೋ ಹಾಗೇ ಇಲ್ಲ" ಅಂದರು. ಆಮೇಲೆ ನೆಟ್ ಬಂತು. ಸುರುಳಿ ಸುತ್ತಿ ಹೊಕ್ಕುಳ ತೂತಿನಿಂದ ಒಳಗೆ ಬಿಟ್ಟು, ಒಳಗೇ ಬಿಚ್ಚಿ ಹಾಸಿದರು. 15 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ. ಒಂದು ನಿಂಬೆಯಷ್ಟು ಉಬ್ಬಿಗೆ ಇಷ್ಟು ದೊಡ್ಡದಾ ಅಂತ ಕೇಳಿದೆ. ಈ ಭಾಗದಲ್ಲಿ ಹರ್ನಿಯಾ ಬರುವ ಸಂದಿಗಳು ಒಂದಲ್ಲ. ಮೇಲೆ ಎರಡು, ಕೆಳಗೆ ತೊಡೆಯ ಕಡೆಗೆ ಒಂದು. ಮೂರನ್ನೂ ಮುಚ್ಚಿ, ಸುತ್ತಲೂ ಸಾಕಷ್ಟು ಅಂಚು ಉಳಿಯಬೇಕು. ನೆಟ್ ಚಿಕ್ಕದಾದರೆ ಮತ್ತೆ ಬರುವುದಕ್ಕೆ ಅದೇ ದಾರಿ. ಕೊನೆಗೆ ಪೊರೆಯನ್ನು ನೆಟ್ಟಿನ ಮೇಲೆ ಎಳೆದು ಹೊಲಿದರು, ಕರುಳು ನೆಟ್ಟಿಗೆ ತಾಗಬಾರದು ಅಂತ. ಎಡಗಡೆ ಸಣ್ಣ ಕುಳಿ ಇದ್ದೇ ಇತ್ತು. ಅಲ್ಲಿಗೂ ಒಂದು ನೆಟ್. ಈ ಕ್ರಮಕ್ಕೆ ಟ್ಯಾಪ್ ಅನ್ನುತ್ತಾರೆ. ಹೊಟ್ಟೆಯ ಒಳಕ್ಕೆ ಇಳಿಯದೆ, ಗೋಡೆಯ ಪದರಗಳ ನಡುವೆಯೇ ಮಾಡುವ ಇನ್ನೊಂದಕ್ಕೆ ಟೆಪ್ ಅಂತ ಹೆಸರು. ಎರಡರ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಸರ್ಜನ್ ಕೈಗೆ ಯಾವುದು ಪಳಗಿದೆಯೋ ಅದು ಒಳ್ಳೆಯದು.

ಎಚ್ಚರವಾದಾಗ ಗಂಟಲು ಕೆರೆತ. ಹೊಟ್ಟೆಯಲ್ಲಿ ಬಿಗಿತ. ತೊಡೆಸಂದಿನ ನೋವು ಮೊದಲನೇ ಸಲಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಆಗ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಈ ಸಲ ಸಂಜೆಗೇ ಎಬ್ಬಿಸಿ ವಾರ್ಡಿನಲ್ಲಿ ನಡೆಸಿದರು. ಆದರೆ ರಾತ್ರಿ ಬಲ ಹೆಗಲಲ್ಲಿ ನೋವು ಶುರುವಾಯಿತು. ಹೆಂಡತಿ ಹೆದರಿದಳು, ಹಾರ್ಟ್ ಏನೋ ಅಂತ. ಸಿಸ್ಟರ್ ಬಂದು ಬಿಪಿ ನೋಡಿ, ಹೊಟ್ಟೆಗೆ ತುಂಬಿದ ಗ್ಯಾಸ್ ಎದೆ, ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸುತ್ತೆ, ಆ ನೋವು ಹೆಗಲಲ್ಲಿ ಕಾಣುತ್ತೆ, ಎದ್ದು ಓಡಾಡಿ ಅಂದರು. ಈ ಮಾತನ್ನು ಮುಂಚೆಯೇ ಹೇಳಿದ್ದರೆ ಆ ರಾತ್ರಿ ಅವಳು ಅಷ್ಟು ಅಳುತ್ತಿರಲಿಲ್ಲ. ಓದುತ್ತಿರುವವರ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ ಜೊತೆಯಲ್ಲಿರುವವರಿಗೂ ಇದನ್ನು ತಿಳಿಸಿ. ಎದೆನೋವು, ಉಸಿರು ಕಟ್ಟುವುದು ಇದ್ದರೆ ಮಾತ್ರ ಅದು ಬೇರೆ, ತಕ್ಷಣ ಕರೆಯಬೇಕು. ಇನ್ನೊಂದು ಕಷ್ಟ ಮೂತ್ರದ್ದು. ಬಹಳ ಹೊತ್ತು ಬರಲಿಲ್ಲ. ನಲ್ಲಿ ಬಿಟ್ಟುಕೊಂಡು ನಿಂತೆ. ಕೊನೆಗೆ ಬಂತು. ಬರದಿದ್ದರೆ ಟ್ಯೂಬ್ ಹಾಕುತ್ತಿದ್ದರು. ಪ್ರಾಸ್ಟೇಟ್ ಮಾತ್ರೆ ಮೊದಲೇ ಶುರು ಮಾಡಿದ್ದು ಎಷ್ಟು ಒಳ್ಳೆಯದಾಯಿತು ಅಂತ ಆಗ ಅನ್ನಿಸಿತು.

ಮರುದಿನ ಇಡ್ಲಿ ತಿಂದು ಮನೆಗೆ ಬಂದೆ. ಮನೆಯಲ್ಲಿ ನೋಡಿಕೊಂಡಾಗ ವೃಷಣದ ಚೀಲ ಊದಿ ನೀಲಿಗಟ್ಟಿತ್ತು. ನೋಡಿದರೆ ಭಯವಾಗುವಂತಿತ್ತು. ಒಳಗೆ ಬಿಡಿಸಿದ ಕಡೆಯ ರಕ್ತ ಕೆಳಗಿಳಿದು ಹಾಗಾಗುತ್ತದೆ. ಲಂಗೋಟಿಯಂತೆ ಬಿಗಿಯಾದ ಒಳಉಡುಪು ಹಾಕಿಕೊಳ್ಳಲು ಹೇಳಿದರು. ಬಣ್ಣ ಹಸಿರಾಗಿ, ಹಳದಿಯಾಗಿ ಹೋಯಿತು.

ನಿಜವಾದ ಆತಂಕ ಬಂದಿದ್ದು ಆಮೇಲೆ. ಹೊಲಿಗೆ ಮಾಗಿ, ಅಂಗಡಿಯಲ್ಲಿ ಕೂರಲು ಶುರು ಮಾಡಿದ್ದೆ. ಒಂದು ಬೆಳಿಗ್ಗೆ ಕೈಗೆ ಉಬ್ಬು ಸಿಕ್ಕಿತು. ಅದೇ ಜಾಗ, ಅದೇ ಗಾತ್ರ. ಕೈಕಾಲು ತಣ್ಣಗಾದವು. ಮೂರನೇ ಸಲವೂ ಬಂತು ಅಂತಲೇ ಅಂದುಕೊಂಡೆ. ಹೆಂಡತಿಗೆ ಹೇಳಲು ಬಾಯೇ ಬರಲಿಲ್ಲ. ನೇರವಾಗಿ ಆಸ್ಪತ್ರೆಗೆ ಹೋದೆ. ಡಾಕ್ಟರು ನಿಲ್ಲಿಸಿ ಕೆಮ್ಮಿಸಿದರು. ಉಬ್ಬು ಅಲುಗಲಿಲ್ಲ. ಮಲಗಿಸಿದರು. ಒಳಗೆ ಹೋಗಲಿಲ್ಲ. ಸ್ಕ್ಯಾನ್ ಮೆಷಿನ್ ಹಚ್ಚಿ ಪರದೆ ನನ್ನ ಕಡೆ ತಿರುಗಿಸಿದರು. ಕಪ್ಪಗೆ ಒಂದು ಕೊಳ ಕಂಡಿತು. "ಬರೀ ನೀರು ಯಜಮಾನ್ರೇ. ಹರ್ನಿಯಾ ಚೀಲ ಇದ್ದ ಜಾಗ ಖಾಲಿಯಾಗಿದೆಯಲ್ಲ, ಅಲ್ಲಿ ನೀರು ತುಂಬಿದೆ. ಸೆರೋಮಾ ಅಂತೀವಿ. ಸೂಜಿ ಚುಚ್ಚಿ ತೆಗೆಯೋಕೆ ಹೋಗಲ್ಲ, ಚುಚ್ಚಿದ್ರೆ ಸೋಂಕು ಒಳಗೆ ಹೋಗಿ ನೆಟ್ಟಿಗೆ ತಾಗಬಹುದು. ತಾನಾಗೇ ಹೀರಿಕೊಳ್ಳುತ್ತೆ" ಅಂದರು. ಕೆಲವು ವಾರದಲ್ಲಿ ಹೇಳಿದ ಹಾಗೇ ಕರಗಿತು. ಕೆಮ್ಮಿದರೆ ಉಬ್ಬುತ್ತಾ, ಮಲಗಿದರೆ ಒಳಗೆ ಹೋಗುತ್ತಾ, ಈ ಎರಡನ್ನು ನೋಡಿಕೊಂಡರೆ ಎದೆಗೆ ಎಷ್ಟೋ ಧೈರ್ಯ ಬರುತ್ತದೆ.

ನಡೆದಾಟಕ್ಕೆ ಮೊದಲ ದಿನದಿಂದಲೂ ಅಡ್ಡಿಯಿರಲಿಲ್ಲ. ಸ್ಕೂಟರ್, ಮೆಟ್ಟಿಲು, ನೋವಿಲ್ಲದೆ ಆದಷ್ಟು ಮಾಡಿ ಅಂದಿದ್ದರು. ಗೊಬ್ಬರದ ಚೀಲ ಮಾತ್ರ ಒಂದೂವರೆ ತಿಂಗಳು ಮುಟ್ಟಬೇಡಿ ಅಂದರು. ಮುಟ್ಟಲಿಲ್ಲ. ಮಲ ಗಟ್ಟಿಯಾಗದ ಹಾಗೆ ಸೊಪ್ಪು, ಪಪ್ಪಾಯ, ನೀರು. ಮೂತ್ರದ ಮಾತ್ರೆ ಇವತ್ತಿಗೂ ಇದೆ.

ಗಂಟು ಇದ್ದೂ ಸುಮ್ನೆ ಇರುವವರಿಗೆ ಒಂದು ಮಾತು. ಒಳಗೆ ಹೋಗುತ್ತಿದ್ದ ಉಬ್ಬು ಇದ್ದಕ್ಕಿದ್ದಂತೆ ಹೋಗದೆ ಗಟ್ಟಿಯಾಗಿ, ವಿಪರೀತ ನೋವಾಗಿ, ವಾಂತಿ ಶುರುವಾದರೆ ಕರುಳು ಸಿಕ್ಕಿಕೊಂಡಿದೆ ಅಂತ ಅರ್ಥ. ಬೆಳಗಾಗಲಿ ಅಂತ ಕಾಯಬಾರದು. ಹೆಂಗಸರಿಗೂ ತೊಡೆಸಂದಿನಲ್ಲಿ ಬರುತ್ತದೆ, ಗಂಡಸರಿಗಿಂತ ಕಮ್ಮಿ. ಆದರೆ ತೊಡೆಯ ಕಡೆಯ ಆ ಕೆಳಗಿನ ಸಂದಿಯಲ್ಲಿ ಬರುವುದು ಅವರಿಗೇ ಜಾಸ್ತಿ, ಅದು ಬೇಗ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆ ಹೆಂಗಸರು ಇದನ್ನು ಇನ್ನೂ ಜಾಸ್ತಿ ಮುಚ್ಚಿಡುತ್ತಾರೆ.

ಈಚೆಗೆ ದುದ್ದದ ಕಡೆಯ ಒಬ್ಬ ಹಿರಿಯರು ಅಂಗಡಿಗೆ ಬಂದವರು, ಹಮಾಲರು ಆಚೆ ಹೋಗುವವರೆಗೂ ಕಾದು, "ನಿಮಗೂ ಎರಡನೇ ಸಲ ಆಯ್ತಂತೆ ಹೌದಾ?" ಅಂತ ಕೇಳಿದರು. ಅವರಿಗೂ ಮತ್ತೆ ಬಂದಿತ್ತು. ನಿಮ್ಮ ಹಾಗೇ ತೂತಿನ ಆಪರೇಷನ್ ಮಾಡಿಸ್ತೀನಿ ಅಂದರು. ಮೊದಲನೇದು ಹೇಗೆ ಮಾಡಿದ್ರು ಗೌಡ್ರೇ ಅಂತ ಕೇಳಿದೆ. ಅಂಗಿ ಎತ್ತಿದರು. ಹೊಕ್ಕುಳ ಪಕ್ಕ ಸಣ್ಣ ಗುರುತು, ಎರಡು ಕಡೆ ಚುಕ್ಕೆ. ಅವರಿಗೆ ಮೊದಲೇ ಒಳಗಿನಿಂದ ಆಗಿತ್ತು. ಅಂದರೆ ಈಗ ಮುಂದಿನಿಂದ. ಹೃದಯದ ತೊಂದರೆಯೂ ಇದ್ದದ್ದರಿಂದ ಪೂರ್ತಿ ಅರಿವಳಿಕೆ ಬೇಡ ಅಂದಿದ್ದರಂತೆ. ಮುಂದಿನಿಂದ ಮಾಡುವುದಾದರೆ ಆ ಜಾಗಕ್ಕಷ್ಟೇ ಇಂಜೆಕ್ಷನ್ ಕೊಟ್ಟೂ ಮಾಡಬಹುದು. ಹಳೇ ಕಾಗದ ಹುಡುಕಿ ತನ್ನಿ ಅಂದೆ. ಮಗನ ಕೈಲಿ ಕಳಿಸಿದರು. ಅದೇ ಸರ್ಜನ್ ನೋಡಿ ಹಾಗೆಯೇ ಮಾಡಿದರು. ಗೌಡರು ಮರುದಿನವೇ ದುದ್ದಕ್ಕೆ ಹೋದರು.